ಕೊಸರಿನ ಮೇಲೆ ಕೊಸರು

ನಮ್ಮ ಮನೆಯಲ್ಲಿ ತೂಕ ಹೆಚ್ಚು ಬಂದರೆ ಸಂತೋಷ, ಕಡಿಮೆ ಬಂದರೆ ಸಿಡುಕು. ಅಣ್ಣನದು ಒಡ್ಡನ್‌ಛತ್ರಂನಲ್ಲಿ ತರಕಾರಿ ಮಂಡಿ. ಕಂಬಂನಲ್ಲಿರುವ ಅವ್ವ ದಿನಾ ಬೆಳಿಗ್ಗೆ ಅವನಿಗೆ ಫೋನ್ ಮಾಡುತ್ತಾಳೆ. ತಿಂಡಿ ಆಯಿತಾ, ಮಳೆ ಬಂತಾ ಎಂಬ ಮಾತೆಲ್ಲ ಆಮೇಲೆ, ಮೊದಲ ಪ್ರಶ್ನೆ, "ಎಡೆ ಚೆನ್ನಾಗಿ ಬಂತಾ ಕಣ್ಣು?" ಕಣ್ಣು ಎನ್ನುವುದು ಮುದ್ದಿಗೆ, ಎಡೆ ಎಂದರೆ ತೂಕ. ತಮಿಳಿನ ಮಾತು, ನಮ್ಮ ಬಾಯಲ್ಲಿ ಎಷ್ಟು ಕಾಲದಿಂದ ಇದೆಯೆಂದರೆ ಈಗ ಅದು ನಮ್ಮದೇ. "ಬಂತವ್ವ" ಎಂದು ಅಣ್ಣ ಹೇಳಿದರೆ ಅವಳ ದಿನ ಚೆನ್ನಾಗಿ ಹೋಗುತ್ತದೆ. ನುಗ್ಗೆಕಾಯಿಯಾಗಲಿ, ಟೊಮೇಟೊ ಆಗಲಿ, ಮೊಮ್ಮಕ್ಕಳಾಗಲಿ, ತೂಕ ಚೆನ್ನಾಗಿ ಬರುವುದೇ ಒಳ್ಳೆಯ ಲಕ್ಷಣ ಎನ್ನುವುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿಲ್ಲ.

ಇಂಥ ಹೆಂಗಸಿಗೆ, ತೂಕ ಇಳಿಸಬೇಕೆಂದು ಅವಳ ಸ್ವಂತ ಮೊಮ್ಮಗಳು ವಾರಗಟ್ಟಲೆ ಹೊಟ್ಟೆ ಕಟ್ಟುತ್ತಿದ್ದಾಳೆ ಎಂಬ ಸುದ್ದಿಯನ್ನು ಹೇಳುವವರು ಯಾರು? ನಾವು ಯಾರೂ ಹೇಳಲಿಲ್ಲ. ಅದರ ಫಲ ಎಲ್ಲರೂ ಉಂಡೆವು.

ಮೊಮ್ಮಗಳೆಂದರೆ ಅಣ್ಣನ ಮಗಳು. ದಿಂಡಿಗಲ್‌ನಲ್ಲಿ ಓದಲು ಹೋದವಳು ಅಲ್ಲಿ ಒಂದು ಬೀಗದ ಗೋದಾಮಿನ ಮೇಲಿನ ಮಹಡಿಯಲ್ಲಿ ನಡೆಯುವ ಜಿಮ್‌ಗೆ ಸೇರಿಕೊಂಡಳು. ಕೆಳಗೆ ಕಬ್ಬಿಣ ಉಜ್ಜುವ ಸದ್ದು, ಮೇಲೆ ಇವರು ಒಬ್ಬರನ್ನೊಬ್ಬರು ಎತ್ತಿ ಚಾಪೆಯ ಮೇಲೆ ಒಗೆಯುವ ಸದ್ದು. ಗುದ್ದು, ಒದೆ, ಕುಸ್ತಿ, ಕತ್ತು ಹಿಡಿದು ಅಮುಕುವುದು ಎಲ್ಲವೂ ಸೇರಿದ ಆಟ ಅದು. ಇಂಗ್ಲಿಷಿನಲ್ಲಿ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್, ನಮ್ಮ ಓಣಿಯಲ್ಲಿ "ಬೋನಿನೊಳಗಿನ ಜಗಳ". ಸುತ್ತ ಜಾಲರಿ ಕಟ್ಟಿದ ಅಂಕಣದಲ್ಲಿ ಆಡುವುದರಿಂದ ಆ ಹೆಸರು. ಇವಳಿಗೆ ಈ ಹುಚ್ಚು ಹಿಡಿಸಿದ್ದು ನಾನೇ ಎಂದು ಅತ್ತಿಗೆ ಇಂದಿಗೂ ಹೇಳುತ್ತಾಳೆ. ಹೇಳಲಿ, ನನಗೆ ಅದು ಹೆಮ್ಮೆಯೇ.

ಏಕೆಂದರೆ ನಾನೂ ಆ ಬೋನಿನ ಪಕ್ಕದವಳು. ಹೊಟ್ಟೆಪಾಡಿಗೆ ಬೋಡಿಯಲ್ಲಿ ಏಲಕ್ಕಿ ವ್ಯಾಪಾರ. ಬೋಡಿಮೆಟ್ಟಿನ ಬೆಟ್ಟದ ತೋಟಗಳಿಂದ ಇಳಿದು ಬರುವ ಕಾಯನ್ನು ಜರಡಿ ಹಿಡಿದು, ದಪ್ಪ ಬೇರೆ, ಸಣ್ಣ ಬೇರೆ ಮಾಡಿಸುವುದು ನನ್ನ ಕೆಲಸ. ಕಾಲೇಜಿನಲ್ಲಿ ಜೂಡೋ ಆಡಿದ್ದೆ. ಆ ನಂಟಿನಿಂದ ಪರೀಕ್ಷೆ ಕಟ್ಟಿ ಪಾಸಾಗಿ, ಶನಿವಾರ ಭಾನುವಾರಗಳಲ್ಲಿ ಈ ಪಂದ್ಯಗಳಿಗೆ ನಿರ್ಣಾಯಕಿಯಾಗಿ ಹೋಗುತ್ತೇನೆ. ಜಾಲರಿಯ ಮೂರು ಕಡೆ ಮೂವರು ಕೂರುತ್ತೇವೆ. ಸುತ್ತು ಗೆದ್ದವರಿಗೆ ಹತ್ತು ಅಂಕ, ಸೋತವರಿಗೆ ಒಂಬತ್ತೋ ಅದಕ್ಕಿಂತ ಕಡಿಮೆಯೋ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. "ನನ್ನ ಮಗಳು ಜಡ್ಜ್" ಎಂದು ಅವ್ವ ಕಂಬಂ ಬಸ್‌ಸ್ಟ್ಯಾಂಡಿನ ಹೂವಿನವಳ ತನಕ ಎಲ್ಲರಿಗೂ ಹೇಳಿಕೊಂಡು ಬಂದಿದ್ದಾಳೆ. ಕೇಳಿದವರು ಕೋರ್ಟು ಎಂದುಕೊಂಡರೆ ಅದನ್ನು ತಿದ್ದುವ ಗೋಜಿಗೂ ಹೋಗುವುದಿಲ್ಲ.

ಹವ್ಯಾಸಿ ಪಂದ್ಯಗಳಲ್ಲಿ ಹುಡುಗಿ ಚೆನ್ನಾಗಿ ಆಡಿದಳು. ಆಮೇಲೆ ಅವಳಿಗೆ ವೃತ್ತಿಪರಳಾಗಿ ಮೊದಲ ಪಂದ್ಯ ಸಿಕ್ಕಿತು. ಅದೂ ದಿಂಡಿಗಲ್‌ನಲ್ಲೇ, ಎದುರಾಳಿ ತೂತ್ತುಕುಡಿ ಕಡೆಯ, ಉಪ್ಪಳದಲ್ಲಿ ಉಪ್ಪು ತೆಗೆಯುವ ಮನೆತನದ ಹುಡುಗಿ. ಅದೇ ದಿನದ ಪಂದ್ಯಗಳಿಗೆ ನಿರ್ಣಾಯಕಿಯಾಗಿ ನನಗೂ ಕರೆ ಬಂದಿತ್ತು. ನಾನು ಆಯೋಜಕರಿಗೆ ಫೋನ್ ಮಾಡಿ, "ಈ ಹುಡುಗಿ ನನ್ನ ಅಣ್ಣನ ಮಗಳು, ಅವಳ ಪಂದ್ಯಕ್ಕೆ ನನ್ನನ್ನು ಕೂರಿಸಬೇಡಿ" ಎಂದೆ. ಅವರು ನಕ್ಕರು. "ಮೇಡಂ, ನಿಮ್ಮ ಕಡೆಯವರು ಯಾರು ಬಂದರೂ ನಿಮ್ಮನ್ನು ಅತ್ತೆ, ಚಿಕ್ಕಮ್ಮ ಎಂದೇ ಕರೆಯುತ್ತಾರೆ. ಎಷ್ಟು ಪಂದ್ಯದಿಂದ ನಿಮ್ಮನ್ನು ಎಬ್ಬಿಸುವುದು?" ಮಾತು ನಿಜವೇ. ನಮ್ಮ ಕಂಬಂ ಕಣಿವೆಯಲ್ಲಿ ಕನ್ನಡ ಮಾತಾಡುವ ಒಕ್ಕಲುಗಳು ನೂರಾರು ವರ್ಷದಿಂದ ಹೆಣ್ಣು ಕೊಟ್ಟು ತಂದು, ಕೊಟ್ಟು ತಂದು, ಯಾರಿಗೆ ಯಾರು ಏನಾಗಬೇಕೆಂದು ಹಿರಿಯರೂ ಗೋಡೆ ನೋಡಿಕೊಂಡು ಲೆಕ್ಕ ಹಾಕಬೇಕು. ಆದರೆ ಇವಳು ಒಡಹುಟ್ಟಿದ ಅಣ್ಣನ ಮಗಳು. ಅವರು ನನ್ನನ್ನು ಆ ಒಂದು ಪಂದ್ಯದಿಂದ ಬಿಟ್ಟು, ಮಿಕ್ಕವಕ್ಕೆ ಇಟ್ಟುಕೊಂಡರು.

ಇದನ್ನು ಕೇಳಿ ಅವ್ವ ಕೆಂಡವಾದಳು.

"ಕಷ್ಟಪಟ್ಟು ಅಷ್ಟು ದೂರ ಹೋಗಿ ಕೂತೀಯೆ. ನಮ್ಮ ಕೂಸು ಬರೋ ದಿನ ಎದ್ದೋಗ್ತೀನಿ ಅಂತೀಯೆ. ಮತ್ತೆ ನೀನು ಒಳಗೆ ಇದ್ದು ಏನ್ ಪ್ರಯೋಜನ?"

"ಅದು ರೂಲ್ಸ್ ಅವ್ವ."

"ಯಾವನು ಮಾಡಿದ ರೂಲ್ಸು? ಅತ್ತೆ ನೋಡ್ದಿದ್ರೆ ಮತ್ಯಾರು ನೋಡ್ತಾರೆ ಮಗೂನ?"

ಪಂದ್ಯಕ್ಕೆ ಇನ್ನೂ ಎರಡು ತಿಂಗಳಿತ್ತು; ಅಷ್ಟು ದಿನವೂ ಆ ರೂಲ್ಸು ಮಾಡಿದವನಿಗೆ ನಮ್ಮ ಮನೆಯಲ್ಲಿ ಬೀಳದ ಬೈಗುಳವಿಲ್ಲ. ಪಾಪ, ಅವನು ಯಾವ ದೇಶದವನೋ. ದೋಸೆ ಕಾವಲಿಗೆ ಅಂಟಿಕೊಂಡರೂ ಅವನದೇ ತಪ್ಪು.

ಈಗ ಒಂದು ಪದ್ಧತಿಯ ವಿಷಯ ಹೇಳಬೇಕು. ನಮ್ಮ ಮನೆಯಿಂದ ಯಾರಾದರೂ ದೊಡ್ಡ ಕೆಲಸಕ್ಕೆ ಹೊರಟರೆ, ಪರೀಕ್ಷೆಯಾಗಲಿ, ಹೆಣ್ಣು ನೋಡಲು ಆಗಲಿ, ಹೊಸ ಲಾರಿ ಹತ್ತಲು ಆಗಲಿ, ಮನೆಯ ಹಿರಿಯ ಹೆಂಗಸು ಕೈತುತ್ತು ಕೊಡುತ್ತಾಳೆ. ಮೊಸರನ್ನ, ಅದರೊಳಗೆ ಒಂದು ಚೂರು ಬೆಲ್ಲ. ಹಿರಿಯಳು ಕೊಟ್ಟ ಮೇಲೆ ಅಲ್ಲಿರುವ ದೊಡ್ಡವರೆಲ್ಲ ಒಬ್ಬೊಬ್ಬರಾಗಿ ಕೊಡುತ್ತಾರೆ. ಸಾಕು ಎನ್ನುವ ಹಕ್ಕು ತಿನ್ನಿಸುವವರದ್ದು, ತಿನ್ನುವವರದ್ದಲ್ಲ. ತುತ್ತು ಬೇಡವೆಂದು ಬಾಯಿ ತಿರುಗಿಸಿದವರನ್ನು ನಾನಂತೂ ಕಂಡಿಲ್ಲ.

ಪಂದ್ಯ ಭಾನುವಾರ ಮಧ್ಯಾಹ್ನ. ತೂಕ ನೋಡುವುದು ಹಿಂದಿನ ದಿನ, ಶನಿವಾರ ಬೆಳಿಗ್ಗೆ; ಗೊತ್ತು ಮಾಡಿದ ಮಿತಿಗಿಂತ ಹೆಚ್ಚು ಬಂದವರು ಆಡುವಂತಿಲ್ಲ. ನಡೆಯುವ ಜಾಗ ದಿಂಡಿಗಲ್‌ನ ಒಂದು ಕಲ್ಯಾಣ ಮಂಟಪ. ಅಷ್ಟು ದೊಡ್ಡ ಜಾಗ ಅಗ್ಗಕ್ಕೆ ಬೇರೆಲ್ಲೂ ಸಿಕ್ಕಿರಲಿಲ್ಲ. ಕಲ್ಯಾಣ ಮಂಟಪ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವರು ಅದನ್ನು ಮದುವೆಯಂಥ ವಿಶೇಷದ ಮನೆ ಎಂದೇ ತೀರ್ಮಾನಿಸಿಬಿಟ್ಟರು. ವಿಶೇಷಕ್ಕೆ ಹಿಂದಿನ ದಿನವೇ ಹೋಗುವುದು ಮರ್ಯಾದೆ. ಶನಿವಾರ ನಸುಕಿನಲ್ಲೇ ಕಂಬಂನಿಂದ ಹೊರಟ ವ್ಯಾನು ಚಿನ್ನಮನೂರು, ತೇಣಿ, ಪೆರಿಯಕುಳಂ ಎಲ್ಲೆಲ್ಲೂ ನಿಂತು ಹುಡುಗಿಯ ಒಬ್ಬೊಬ್ಬ ಅತ್ತೆಯನ್ನು ತುಂಬಿಕೊಂಡು ಬಂತು. ರೇಷ್ಮೆ ಸೀರೆ, ತಲೆ ತುಂಬ ಹೂವು, ಕೈಯಲ್ಲಿ ಕ್ಯಾರಿಯರ್. ಮಂಟಪದ ಬಾಗಿಲಲ್ಲಿ ರಕ್ತದೊತ್ತಡ ನೋಡಲು ಕೂತಿದ್ದ ವೈದ್ಯೆಯ ಮೇಜನ್ನು ಕಂಡು ಒಬ್ಬರು ಪನ್ನೀರು ಎಲ್ಲಿ ಎಂದು ಕೇಳಿದರಂತೆ.

ನಾನು ಆ ಹೊತ್ತಿಗೆ ಮಹಡಿಯ ಊಟದ ಹಾಲ್‌ನಲ್ಲಿ ನಿರ್ಣಾಯಕರ ಸಭೆಯಲ್ಲಿದ್ದೆ. ಕೆಳಗಿಳಿದು ಬರುವಾಗ ಮೆಟ್ಟಿಲ ಮೇಲಿಂದಲೇ ಆ ದೃಶ್ಯ ಕಂಡಿತು. ಹುಡುಗಿ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಾಳೆ. ಎದುರಿಗೆ ಅವ್ವ. ಅವ್ವನ ಹಿಂದೆ ಸಾಲಾಗಿ ಅತ್ತೆಯರು. ಒಬ್ಬೊಬ್ಬರೂ ಮುಂದೆ ಬಂದು ತುತ್ತು ಇಡುತ್ತಿದ್ದಾರೆ, ಹುಡುಗಿ ಕಣ್ಣಲ್ಲಿ ನೀರು ತುಂಬಿಕೊಂಡು ನುಂಗುತ್ತಿದ್ದಾಳೆ. ಅತ್ತೆಯರು ಅದನ್ನು ಆನಂದಬಾಷ್ಪ ಎಂದುಕೊಂಡು ಇನ್ನೂ ದಪ್ಪ ತುತ್ತು ಮಾಡುತ್ತಿದ್ದಾರೆ. ಬಿಕ್ಕಳಿಕೆ ಬಂದಿತೆಂದು ಯಾರೋ ಚೊಂಬಿನಲ್ಲಿ ನೀರನ್ನೂ ಕೊಟ್ಟರು.

"ಅವ್ವಾ!" ಎಂದು ನಾನು ಕೂಗಿದ ಕೂಗಿಗೆ ಇಡೀ ಮಂಟಪ ತಿರುಗಿ ನೋಡಿತು.

"ಯಾಕೆ ಹಿಂಗೆ ಕಿರುಚ್ತೀಯೆ? ಮಗಿ ಮೊಕ ನೋಡು, ಬಾಡೋಗೈತೆ. ಇವತ್ತು ಎಡೆ ಹಾಕ್ತಾರಂತೆ. ಚೆನ್ನಾಗಿ ಬರ್ಲಿ ಅಂತ ನಾಲ್ಕು ತುತ್ತು ಕೊಟ್ಟೆ."

ಹುಡುಗಿಗೆ ಬಾಯಿ ಇರಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ತಮಿಳನ್ನೂ ನಮ್ಮ ಮಾತನ್ನೂ ಕಲಸಿ ಆಡುವ ಅವಳು ಅಂದದ್ದು ಇಷ್ಟು: "ಅತ್ತೆ, ಅಜ್ಜಿ ಕೈ ಮುಂದೆ ಬಂತು. ಬಾಯಿ ತಾನೇ ತೊರಂದ್‌ಬಿಡ್ತು." ತೆರೆದುಕೊಂಡಿತು ಎಂದು ಅರ್ಥ. ಬೋನಿನೊಳಗೆ ಯಾರ ಗುದ್ದಿಗೂ ಹೆದರದ ಹುಡುಗಿ, ಅಜ್ಜಿಯ ಕೈ ತಪ್ಪಿಸಿಕೊಳ್ಳುವುದನ್ನು ಮಾತ್ರ ಯಾವ ಜಿಮ್‌ನಲ್ಲೂ ಕಲಿತಿರಲಿಲ್ಲ.

ತೂಕದ ಯಂತ್ರದ ಮೇಲೆ ನಿಂತಳು. ಹೆಚ್ಚು ಬಂತು. ಹೆಚ್ಚೆಂದರೆ ಎಷ್ಟು, ಒಂದು ಲೋಟ ಮಜ್ಜಿಗೆಯಷ್ಟು. ತೂತ್ತುಕುಡಿಯ ಹುಡುಗಿ ಅಷ್ಟರಲ್ಲಾಗಲೇ ನಿಂತು, ಸರಿಯಾಗಿ ತೂಗಿ, ಇಳಿದು ಹೋಗಿದ್ದಳು. ಅವಳ ಜೊತೆ ಬಂದಿದ್ದವನು ಅವಳ ಕೋಚ್ ಒಬ್ಬನೇ. ಕೈ ಕಟ್ಟಿಕೊಂಡು ಯಂತ್ರದ ಪಕ್ಕದಿಂದ ಅಲುಗಾಡದೆ ನಿಂತಿದ್ದ. ನಿಯಮದ ಪ್ರಕಾರ ಹುಡುಗಿಗೆ ಒಂದು ಗಂಟೆ ಕೊಟ್ಟರು. ಅಷ್ಟರಲ್ಲಿ ಇಳಿಯದಿದ್ದರೆ, ಮೊದಲ ಪಂದ್ಯ ನಡೆಯುವ ಮೊದಲೇ ಮುಗಿದ ಹಾಗೆ; ಹೆಚ್ಚು ತೂಕದಲ್ಲೇ ಆಡಿಸಲು ಆ ಕೋಚ್ ಒಪ್ಪುವವನಲ್ಲ ಎನ್ನುವುದು ಅವನ ಮುಖದಲ್ಲೇ ಬರೆದಿತ್ತು.

ಅವ್ವ ನನ್ನನ್ನು ಕಂಬದ ಮರೆಗೆ ಎಳೆದುಕೊಂಡು ಹೋದಳು. "ಆ ಎಡೆ ಹಾಕೋನ ಹತ್ರ ಒಂದು ಮಾತು ಹೇಳು. ಕೊಸರು ತಾನೆ ಅದು? ಮಂಡೀಲಿ ಕೊಸರಿಗೆ ಯಾರಾದ್ರೂ ಜಗಳ ಆಡ್ತಾರಾ?"

ತೂಗಿದ ಮೇಲೆ ಮೇಲಿಂದ ಹಾಕುವ ಒಂದು ಹಿಡಿ, ಅದು ಕೊಸರು. ಕೊಸರು ಕೊಡದ ವ್ಯಾಪಾರಿಯನ್ನು ಅವ್ವ ಮನುಷ್ಯ ಎಂದು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

"ಅವ್ವ, ಆ ಮಿತಿಯ ಮೇಲೆ ಒಂದಿಷ್ಟು ಬಿಡ್ತಾರೆ. ಆ ಕೊಸರು ಕೊಟ್ಟಾಗೈತೆ. ಇದು ಅದಕ್ಕೂ ಮೇಲೆ. ನೀನು ಕೊಸರಿನ ಮೇಲೆ ಕೊಸರು ಕೇಳ್ತಿದೀಯೆ."

ಅವ್ವ ನನ್ನ ಕೈ ಬಿಟ್ಟಳು. ಕೊಸರಿನ ಮೇಲೆ ಕೊಸರು ಕೇಳುವವರನ್ನು ಕಂಡರೆ ಅವಳಿಗೆ ಎಷ್ಟು ಅಸಹ್ಯವೆಂದು ನನಗೆ ಗೊತ್ತಿತ್ತು. ಆದರೂ ಮುಖ ಸಣ್ಣದಾಯಿತು. "ನಾನೇ ತಿನ್ನಿಸಿ ಕೆಡಿಸಿದೆ" ಎಂದು ಮೆಲ್ಲಗೆ ಅಂದಳು. ಆದರೆ ನಾನು ಆ ಯಂತ್ರದ ಕಡೆಗೆ ಒಂದು ಹೆಜ್ಜೆ ಹೋದರೂ ತಪ್ಪು. ಹೋಗಲಿಲ್ಲ.

ಮುಂದಿನ ಒಂದು ಗಂಟೆಯನ್ನು ನೆನೆದರೆ ನನಗೆ ಈಗಲೂ ಒಬ್ಬಳೇ ಕೂತಲ್ಲಿ ನಗು ಬರುತ್ತದೆ. ತಿನ್ನಿಸಿದವರೇ ಬೆವರಿಳಿಸಲು ನಿಂತರು. ಮಂಟಪದಲ್ಲಿ ಎಸಿ ಇರುತ್ತದೆಂದು ಒಬ್ಬ ಮಾವ ಸ್ವೆಟರು, ಮಂಕಿ ಟೋಪಿ ತಂದಿದ್ದರು. ಅವೆರಡೂ ಹುಡುಗಿಯ ಮೈಮೇಲೆ ಹೋದವು. ಅದರ ಮೇಲೆ ಅತ್ತಿಗೆಯ ಶಾಲು. ಆ ವೇಷದಲ್ಲಿ ಅವಳು ದಿಂಡಿಗಲ್ ಬಿಸಿಲಿನಲ್ಲಿ ಮಂಟಪವನ್ನು ಸುತ್ತು ಹಾಕಿ ಓಡುವುದು, ಹಿಂದೆ ಅವಳ ಕೋಚ್, ಅವನ ಹಿಂದೆ ರೇಷ್ಮೆ ಸೀರೆ ಎತ್ತಿ ಕಟ್ಟಿದ ಇಬ್ಬರು ಅತ್ತೆಯರು. ವೈದ್ಯೆ ನೆರಳಲ್ಲಿ ಕುರ್ಚಿ ಹಾಕಿಕೊಂಡು, ಆಗಾಗ ನಿಲ್ಲಿಸಿ ನಾಡಿ ಹಿಡಿದು, "ತಲೆ ಸುತ್ತುತ್ತಾ? ಸುತ್ತಿದರೆ ಅಲ್ಲಿಗೆ ಮುಗೀತು" ಎಂದು ಗದರಿಸುತ್ತಿದ್ದಳು. ಜೊಲ್ಲು ಉಗಿದರೂ ತೂಕ ಇಳಿಯುತ್ತದೆ ಎಂದು ಕೋಚ್ ಬಾಯಿ ತಪ್ಪಿ ಹೇಳಿದ. ಅಷ್ಟೇ, ಪೆರಿಯಕುಳಂ ಅತ್ತೆ ಎಲ್ಲಿಂದಲೋ ಮಾವಿನಕಾಯಿ ತಂದು, ಉಪ್ಪು ಖಾರ ಹಚ್ಚಿ, ಹುಡುಗಿಯ ಎದುರು ನಿಂತು ತಾನೇ ಚಪ್ಪರಿಸಿ ತಿನ್ನತೊಡಗಿದರು. ಹುಡುಗಿ ಬಕೆಟ್ಟಿಗೆ ಉಗಿದದ್ದಕ್ಕಿಂತ ಸುತ್ತ ನಿಂತಿದ್ದವರು ನುಂಗಿದ್ದು ಜಾಸ್ತಿ.

ಆ ಗಲಾಟೆಯ ನಡುವೆ ಒಂದು ಸಣ್ಣ ಸಂಗತಿಯನ್ನು ಅವ್ವ ಗಮನಿಸಿದಳು. ತೂತ್ತುಕುಡಿಯ ಹುಡುಗಿ ಜಗಲಿಯ ಮೇಲೆ ಕೂತು ಎಳನೀರು ಕುಡಿಯುತ್ತಿದ್ದಳು. ತೂಕ ಮುಗಿದಿತ್ತಲ್ಲ, ಕುಡಿಯುವ ಹಕ್ಕು ಅವಳದು. ಎಷ್ಟು ದಿನದ ದಾಹವೋ. ನಮ್ಮ ಹುಡುಗಿ ಏದುಸಿರು ಬಿಡುತ್ತ ಎದುರಿಗೆ ಬಂದಾಗ ಅವಳು ಎಳನೀರನ್ನು ಮಡಿಲಿಗೆ ಇಳಿಸಿಕೊಂಡು, ತಿರುಗಿ ಗೋಡೆಗೆ ಮುಖ ಮಾಡಿ ಕೂತು ಮಿಕ್ಕದ್ದನ್ನು ಕುಡಿದಳು.

"ಒಳ್ಳೆ ಮನೆ ಮಗು" ಎಂದಳು ಅವ್ವ.

ಗಂಟೆ ಮುಗಿಯುತ್ತ ಬಂತು. ಮೈಮೇಲಿನ ಬಟ್ಟೆಯ ತೂಕವೂ ಬೇಡವೆಂದು ಹುಡುಗಿಯ ಸುತ್ತ ಪರದೆ ಹಿಡಿದು ತೂಗಬೇಕಾಯಿತು. ಅತ್ತೆಯರು ತಕ್ಷಣ ಒಂದು ರೇಷ್ಮೆ ಸೀರೆ ಬಿಡಿಸಿ, ಮದುವೆಯಲ್ಲಿ ಅಂತರಪಟ ಹಿಡಿಯುವ ಹುರುಪಿನಲ್ಲಿ ಯಂತ್ರವನ್ನು ಸುತ್ತುವರಿದರು. ಆಗ ತೂತ್ತುಕುಡಿಯ ಕೋಚ್ ಮೊದಲ ಬಾರಿಗೆ ಬಾಯಿ ಬಿಟ್ಟ. ಪರದೆಯನ್ನು ಅವರ ಕಡೆಯವರು ಹಿಡಿಯಬಾರದು, ದೂರ ನಿಲ್ಲಿಸಿ ಎಂದ. ಅತ್ತೆಯರಿಗೆ ರೋಷ ಉಕ್ಕಿತು. ನಮ್ಮ ಹುಡುಗಿಯ ಮಾನಕ್ಕೆ ನಾವು ಸೀರೆ ಹಿಡಿದರೆ ಇವನಿಗೇನು ಎಂದು ತಮಿಳಿನಲ್ಲೂ ನಮ್ಮ ಮಾತಿನಲ್ಲೂ ಒಟ್ಟಿಗೆ ಶುರುವಾಯಿತು. ಅವ್ವ ನನ್ನ ಕಡೆ ನೋಡಿದಳು.

"ಅವನು ಹೇಳೋದು ಸರಿ ಅವ್ವ. ಪರದೆ ಮೇಲೆ ಕೈಯೂರಿ ನಿಂತರೆ ತೂಕ ಕಮ್ಮಿ ತೋರಿಸುತ್ತೆ. ಹಂಗೆ ಮಾಡಿದೋರು ಇದಾರೆ."

ಅವ್ವನ ಕಣ್ಣು ಅರಳಿತು. ಹಿಂದೆ ಮಂಡಿಯಲ್ಲಿ ಅವಳೇ ಕೂರುತ್ತಿದ್ದ ಕಾಲದಲ್ಲಿ, ಚೀಲದ ಅಡಿಗೆ ಮೆಲ್ಲಗೆ ಬೆರಳು ಕೊಟ್ಟು ಎತ್ತಿ ಹಿಡಿಯುತ್ತಿದ್ದ ಖರೀದಿದಾರನೊಬ್ಬನನ್ನು ಕೈ ಹಿಡಿದು ಎಳೆದು ಬೀದಿಗೆ ಹಾಕಿದ್ದಳು. ಆ ಕಥೆಯನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳಿದ್ದೇವೆ. ಈಗ ಆ ಬೆರಳಿನ ಜಾಗದಲ್ಲಿ ನಮ್ಮ ಅತ್ತೆಯರ ಕೈಗಳು ಇರುವುದು ಅವಳಿಗೆ ಕಂಡಿತು.

"ಎಲ್ಲಾರೂ ಹಿಂದಕ್ಕೆ ಬನ್ನಿ!" ಅವ್ವನ ಗಂಟಲು ಒಡ್ಡನ್‌ಛತ್ರಂನ ಹರಾಜಿಗೆ ಪಳಗಿದ್ದು. "ಸೀರೆ ಅವ್ರ ಕೈಗೆ ಕೊಡಿ. ನಮ್ದು ಒಂದು ಬೆರಳೂ ಅಲ್ಲಿ ಇರ್ಬಾರ್ದು. ಹೂಂ, ಇನ್ನೂ ಹಿಂದಕ್ಕೆ!"

ಪರದೆಯನ್ನು ಇಬ್ಬರು ಮಹಿಳಾ ಅಧಿಕಾರಿಗಳು ಹಿಡಿದರು. ನಮ್ಮವರೆಲ್ಲ ಗೋಡೆಗೆ ಬೆನ್ನು ಹಚ್ಚಿ, ಕೈಗಳನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಜೋಡಿಸಿಕೊಂಡು ನಿಂತರು. ತೂಗುವವನು ಬಗ್ಗಿ ನೋಡಿದ. ಆ ಕೋಚ್ ಬಗ್ಗಿ ನೋಡಿದ. ಇಬ್ಬರೂ ತಲೆಯಾಡಿಸಿದರು. ತೂಕ ಸರಿಯಾಗಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವ್ವ, ತೂಕ ಕಡಿಮೆ ಬಂದದ್ದಕ್ಕೆ ಕುಣಿದಳು. ಕುಣಿದಳು ಎಂದರೆ ಕುಣಿದಳು, ಮಂಡಿನೋವನ್ನೂ ಮರೆತು.

ಮರುದಿನ ಮಧ್ಯಾಹ್ನ ಮಂಟಪ ತುಂಬಿತ್ತು. ವಧೂವರರು ಕೂರುವ ವೇದಿಕೆಯ ಮುಂದೆ ಬೋನು. ನಾನು ಮೊದಲ ಕೆಲವು ಪಂದ್ಯಗಳಿಗೆ ಅಂಕ ಹಾಕಿ, ಹುಡುಗಿಯ ಪಂದ್ಯ ಬಂದಾಗ ಎದ್ದು, ನನ್ನ ಕುರ್ಚಿಯನ್ನು ಮದುರೆಯಿಂದ ಬಂದಿದ್ದ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ. ನಿರ್ಣಾಯಕರ ಕಪ್ಪು ಅಂಗಿಯ ಮೇಲೆ ಅತ್ತಿಗೆಯ ಶಾಲು ಹೊದ್ದು ನಮ್ಮವರ ಸಾಲಿಗೆ ಹೋಗಿ ಕೂತೆ. ಎದುರಿಗೊಂದು ಕಂಬ. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಳು. ಅಧಿಕಾರಿಯಾದವಳು ಕೂಗಬಾರದು ಎಂದು ಬಾಯಿಗೆ ದಿಂಡಿಗಲ್ ಬೀಗ ಜಡಿದುಕೊಂಡೆ.

ಎಷ್ಟೋ ವರ್ಷದಿಂದ ಆ ಬೋನಿನ ಪಕ್ಕ ಕೂತವಳು ನಾನು. ಕಾಯಿ ಜರಡಿ ಹಿಡಿದ ಹಾಗೆ ಇದು ಏಟು, ಇದು ಬರೀ ಸದ್ದು ಎಂದು ಬೇರೆ ಮಾಡುತ್ತಿದ್ದ ಕಣ್ಣು ಅಂದು ಏನನ್ನೂ ಬೇರೆ ಮಾಡಲಿಲ್ಲ. ಮೊದಲ ಸುತ್ತು ನಮ್ಮ ಹುಡುಗಿಯದೇ. ಓಡಾಡಿ, ಒದ್ದು, ಹತ್ತಿರ ಬಂದಾಗ ಎತ್ತಿ ಒಗೆದಳು. ಅತ್ತೆಯರು ಕುರ್ಚಿಯ ಮೇಲೆ ನಿಂತರು. ಎರಡನೆಯ ಸುತ್ತಿನಲ್ಲಿ ತೂತ್ತುಕುಡಿಯ ಹುಡುಗಿ ಇವಳನ್ನು ಕೆಡವಿ ಮೇಲೆ ಏರಿ ಕೂತಳು. ಬಹಳ ಹೊತ್ತು ಕೂತಳು. ಕಂಬದ ಪಕ್ಕದಿಂದ ನನಗೆ ಕಾಣುತ್ತಿದ್ದುದು ಆ ಹುಡುಗಿಯ ಬೆನ್ನು, ಅದರ ಕೆಳಗೆ ನಮ್ಮವಳ ಎರಡು ಕಾಲು. ಮೂರನೆಯ ಸುತ್ತಿನಲ್ಲಿ ಇಬ್ಬರೂ ದಣಿದಿದ್ದರು. ಆ ಹುಡುಗಿಯ ಏಟುಗಳು ಹೆಚ್ಚು ನೆಟ್ಟವು. ಗಂಟೆ ಹೊಡೆದಾಗ ಇಬ್ಬರೂ ಅಲ್ಲೇ ಕುಸಿದು, ಅಪ್ಪಿಕೊಂಡು, ನಗುತ್ತ ಕೂತರು.

ನಿರ್ಣಾಯಕರ ಅಂಕ ಕೂಡಿಸುವಾಗ ಅವ್ವ ನನ್ನ ಕಿವಿಗೆ ಬಾಯಿ ಹಚ್ಚಿದಳು. "ನಿಜ ಹೇಳು. ಯಾರು ಗೆದ್ರು?"

ಸುಳ್ಳು ಹೇಳಲು ಮನಸ್ಸಾಯಿತು. ಆದರೆ ಅವ್ವ ನಿಜ ಹೇಳು ಎಂದಿದ್ದಳು. "ಆ ಹುಡುಗಿ ಅವ್ವ. ಎರಡು ಸುತ್ತು ಅವಳದು."

ಅವ್ವ ಹೂಂ ಎಂದಳು. ಮಣಿಕಟ್ಟು ಬಿಟ್ಟಳು. ಕ್ಯಾರಿಯರಿನ ಮುಚ್ಚಳ ಸರಿ ಮಾಡಿ, ಸೆರಗು ಸರಿ ಮಾಡಿ, ಸೋತ ಮಗುವನ್ನು ಕರೆದುಕೊಂಡು ಬರಲು ಸಿದ್ಧವಾದಳು.

ಮೈಕಿನವನು ಕೂಗಿದ. ಮೂವರಲ್ಲಿ ಒಬ್ಬರು ತೂತ್ತುಕುಡಿಯ ಕಡೆ. ಇಬ್ಬರು ನಮ್ಮ ಹುಡುಗಿಯ ಕಡೆ. ರೆಫರಿ ಎತ್ತಿದ್ದು ನಮ್ಮ ಹುಡುಗಿಯ ಕೈ.

ಆಮೇಲೆ ಆ ಮಂಟಪದಲ್ಲಿ ನಡೆದದ್ದಕ್ಕೆ ಮಂಟಪದ ಮಾಲೀಕ ನಮ್ಮವರಿಗೆ ಇನ್ನು ಮೇಲೆ ಮದುವೆಗೂ ಜಾಗ ಕೊಡುವುದು ಅನುಮಾನ. ಅಣ್ಣ, ಯಾವತ್ತೂ ನಗದ ಅಣ್ಣ, ಅಪರಿಚಿತ ಪೊಲೀಸ್ ಪೇದೆಯೊಬ್ಬನನ್ನು ಎತ್ತಿಕೊಂಡಿದ್ದ. ಅತ್ತಿಗೆ ಅಳುತ್ತ ನಗುತ್ತ ಎಲ್ಲರಿಗೂ ಹೂವು ಹಂಚುತ್ತಿದ್ದಳು. ನಾನೂ ಕೂಗಿದೆ ಎಂದು ಆಮೇಲೆ ಹೇಳಿದರು. ನನಗೆ ನೆನಪಿಲ್ಲ.

ಅವ್ವ ಮಾತ್ರ ನನ್ನನ್ನೇ ನೋಡುತ್ತಿದ್ದಳು. "ನೀನು ಆ ಹುಡುಗಿ ಅಂದೆ."

"ನಂಗೆ ಹಂಗೆ ಕಂಡಿತು ಅವ್ವ. ಅವ್ರು ಹತ್ರ ಕೂತೋರು. ಅವ್ರು ಹೇಳಿದ್ದೇ ಲೆಕ್ಕ."

"ಅಂದ್ರೆ ಇವತ್ತು ನಮ್ಗೆ ಕೊಸರು ಬಿದ್ದೈತೆ" ಎಂದಳು. ಎದ್ದಳು. ಮೊಮ್ಮಗಳ ಕಡೆ ಹೋಗುತ್ತಾಳೆ ಎಂದುಕೊಂಡೆ. ಕ್ಯಾರಿಯರ್ ಹಿಡಿದು ನೇರವಾಗಿ ಹೋದದ್ದು ವೇದಿಕೆಯ ಪಕ್ಕದ, ವಧುವಿನ ಕೋಣೆಗೆ. ಅಲ್ಲಿ ತೂತ್ತುಕುಡಿಯ ಹುಡುಗಿ ಕೈಗೆ ಸುತ್ತಿದ ಪಟ್ಟಿ ಬಿಚ್ಚಿಸಿಕೊಳ್ಳುತ್ತ ಕೂತಿದ್ದಳು. ಅವ್ವ ಹಿಂದುಮುಂದಿಲ್ಲದೆ ಅವಳ ಎದುರು ಕೂತು, ಮೊಸರನ್ನಕ್ಕೆ ಬೆಲ್ಲ ಹಾಕಿ ಕಲಸಿ, ತುತ್ತು ಮುಂದೆ ಹಿಡಿದಳು. ಹುಡುಗಿ ಒಂದು ಕ್ಷಣ ಕೋಚ್ ಕಡೆ ನೋಡಿದಳು. ಅಜ್ಜಿಯ ಕೈ ಮುಂದೆ ಬಂದರೆ ತೂತ್ತುಕುಡಿಯಲ್ಲೂ ಬಾಯಿ ತಾನೇ ತೆರೆಯುತ್ತದೆ ಎಂದು ಅಂದು ಗೊತ್ತಾಯಿತು.

ಕೆಲವು ತುತ್ತಾದ ಮೇಲೆ ಅವಳು ನಗುತ್ತ, "ಪೋದುಂ ಪಾಟಿ" ಎಂದಳು. ಸಾಕು ಅಜ್ಜಿ ಎಂದು.

"ಅದ್ಯಾಕೆ ಸಾಕು? ಇನ್ನೊಂದು. ಇದು ಕೊಸರು" ಎಂದು ಅವ್ವ ಇನ್ನೊಂದು ಸಣ್ಣ ತುತ್ತು ಇಟ್ಟಳು. ನಿನ್ನೆ ಅಲುಗಾಡದೆ ನಿಂತಿದ್ದ ಕೋಚ್‌ಗೂ ಕೈ ಒಡ್ಡಿಸಿ ಒಂದು ಹಿಡಿ ಹಾಕಿದಳು. ಅವನು ಎರಡೂ ಕೈ ಸೇರಿಸಿ ಪ್ರಸಾದದ ಹಾಗೆ ತೆಗೆದುಕೊಂಡ.

ನಾನು ಬಾಗಿಲಲ್ಲಿ ನಿಂತಿದ್ದೆ. ಆಗಲೇ ಆ ಹುಡುಗಿಯ ಹುಬ್ಬನ್ನು ಸರಿಯಾಗಿ ನೋಡಿದ್ದು. ಎರಡು ಹುಬ್ಬೂ ಊದಿಕೊಂಡಿದ್ದವು, ಒಂದು ಸೀಳಿತ್ತು, ಕೆನ್ನೆಯ ಮೇಲೆ ಕೆಂಪು ಗೆರೆ. ಎರಡನೆಯ ಸುತ್ತು! ಮೇಲೆ ಕೂತಿದ್ದವಳು ಬರೀ ಕೂತಿದ್ದಳು. ಕೆಳಗಿದ್ದ ನಮ್ಮವಳು ಒಂದೇ ಸಮನೆ ಮೊಣಕೈಯಿಂದ ಕುಟ್ಟುತ್ತಿದ್ದಳು. ಮೇಲೆ ಕೂತ ಮಾತ್ರಕ್ಕೆ ಅಂಕವಿಲ್ಲ, ಯಾರ ಏಟು ನಾಟಿತು ಎನ್ನುವುದೇ ಮೊದಲು. ಹೊಸದಾಗಿ ಬರುವ ನಿರ್ಣಾಯಕರಿಗೆ ಇದನ್ನು ಪಾಠ ಮಾಡುವವಳೇ ನಾನು. ನನ್ನ ಕಣ್ಣಿಗೆ ಮಾತ್ರ ಅಂದು ಏಟು ಕಾಣಲಿಲ್ಲ. ನಮ್ಮ ಮಗು ಯಾರದೋ ಕೆಳಗೆ ಬಿದ್ದಿದೆ, ಅಷ್ಟೇ ಕಂಡಿತು. ಅಷ್ಟು ಕಂಡಕೂಡಲೇ ಮನಸ್ಸು ಸೋತಳು ಎಂದು ಬರೆದುಕೊಂಡುಬಿಟ್ಟಿತ್ತು.

ಅದುವರೆಗೂ ನಾನು ಆ ನಿಯಮವನ್ನು ಒಂದೇ ಕಡೆಯಿಂದ ತಿಳಿದಿದ್ದೆ. ಸಂಬಂಧಿಕಳು ತನ್ನವರಿಗೆ ಜಾಸ್ತಿ ಹಾಕಿಬಿಡುತ್ತಾಳೆ, ಅದಕ್ಕೇ ಎಬ್ಬಿಸುತ್ತಾರೆ ಎಂದು. ಪ್ರೀತಿಗೆ ಕಡಿಮೆ ತೂಗುವ ಚಾಳಿಯೂ ಉಂಟು ಎಂದು ಯಾರೂ ನನಗೆ ಹೇಳಿರಲಿಲ್ಲ.

ಸಂಜೆ ವ್ಯಾನು ಬತ್ಲಗುಂಡಿನ ಹತ್ತಿರ ಟೀ ಅಂಗಡಿಯಲ್ಲಿ ನಿಂತಿತು. ಬೆಟ್ಟದ ಕಡೆಯಿಂದ ತಣ್ಣನೆಯ ಗಾಳಿ. ಹುಡುಗಿ ಒಂದು ಕೈಯಲ್ಲಿ ಬಜ್ಜಿ, ಇನ್ನೊಂದು ಕೈಯಲ್ಲಿ ಬಾಳೆಹಣ್ಣು ಹಿಡಿದು, ಎರಡು ತಿಂಗಳ ಬಾಕಿಯನ್ನೆಲ್ಲ ಒಂದೇ ಸಂಜೆಗೆ ತೀರಿಸುತ್ತಿದ್ದಳು. ನಾನು ಮುಂದಿನ ಸೀಟಿನಲ್ಲಿದ್ದ ಅವ್ವನಿಗೆ, "ಅದು ಕೊಸರಲ್ಲ ಅವ್ವ, ನಾನೇ ಸರಿಯಾಗಿ ನೋಡ್ಲಿಲ್ಲ. ಸರಿಯಾದ ತೂಕವೇ ನಮ್ದು" ಎಂದೆ.

"ಇರ್ಲಿ ಬಿಡು. ಕೊಟ್ಟ ತುತ್ತು ವಾಪಸ್ ಕೇಳೋಕಾಗ್ತೈತಾ?" ಎಂದಳು ಅವ್ವ.

ಹುಡುಗಿ ಕಿವಿ ನಿಮಿರಿಸಿದಳು. "ಏನತ್ತೆ? ನೀವು ಅಲ್ಲಿ ಕೂತಿದ್ರೆ ಯಾರಿಗೆ ಕೊಡ್ತಿದ್ರಿ?"

ಅತ್ತಿಗೆ ನನ್ನ ಕಾಲು ತುಳಿದಳು.

"ಆ ಹುಡುಗಿಗೆ" ಎಂದೆ.

ಅವಳು ಬಜ್ಜಿ ಕಚ್ಚುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಆಮೇಲೆ, ತುಟಿ ಒಡೆದಿದ್ದರೂ ಲೆಕ್ಕಿಸದೆ, ಬಿದ್ದು ಬಿದ್ದು ನಕ್ಕಳು. "ಅಯ್ಯೋ ಸಾಮಿ! ಸದ್ಯ, ನಿಮ್ಮನ್ನ ಅಲ್ಲಿ ಕೂರಿಸ್ಲಿಲ್ಲ!"

ನಗು ವ್ಯಾನಿನ ತುದಿಯಿಂದ ತುದಿಗೆ ಹೋಯಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅದು ಇಳಿದ ಮೇಲೆ ಮುಂದಿನ ಸೀಟಿನಿಂದ ಅವ್ವನ ದನಿ ಬಂತು. ಕ್ಯಾರಿಯರಿನ ತಳದಲ್ಲಿ ಇನ್ನೂ ಎಷ್ಟು ಉಳಿದಿದೆ ಎಂದು ಬಗ್ಗಿ ನೋಡುತ್ತಿದ್ದಳು.

"ಆ ರೂಲ್ಸ್ ಮಾಡಿದ ಸಾಮಿ ಯಾರೋ ಏನೋ," ಎಂದಳು, "ಸಿಕ್ಕಿದ್ರೆ ಅವ್ನಿಗೂ ಒಂದು ತುತ್ತು ಕೊಡ್ಬೇಕು."